ಸೀಗಡಿಯ ಕಣ್ಣು ಸುಟ್ಟರೆ ಮೊಟ್ಟೆ ಬರುವುದೇಕೆ?

ಸೀಗಡಿ ಮರಿಗಳನ್ನು ಹುಟ್ಟಿಸುವ ಕೇಂದ್ರವಾದ ಹ್ಯಾಚರಿಯಲ್ಲಿ ತಾಯಿ ಸೀಗಡಿಯನ್ನು ನೀರಿನಿಂದ ಎತ್ತಿ ಅಂಗೈಯಲ್ಲಿ ಬಿಗಿಯಾಗಿ ಹಿಡಿಯುತ್ತಾರೆ. ಸೀಗಡಿಯ ಕಣ್ಣು ನಮ್ಮದರಂತೆ ತಲೆಬುರುಡೆಯ ಗುಳಿಯೊಳಗೆ ಇರುವುದಿಲ್ಲ, ಹಣ್ಣಿಗೆ ತೊಟ್ಟಿರುವಂತೆ ಅದಕ್ಕೂ ಒಂದು ತೊಟ್ಟಿದೆ. ಕೆಂಡದಂತೆ ಕಾದ ಇಕ್ಕಳದಿಂದ ಆ ತೊಟ್ಟನ್ನು ಅಮುಕಿದರೆ ಅಲ್ಲಿಗೆ ಆ ಕಣ್ಣಿನ ಕಥೆ ಮುಗಿಯಿತು. ಕೆಲವು ಹ್ಯಾಚರಿಗಳಲ್ಲಿ ಸುಡುವ ಬದಲು ದಾರ ಬಿಗಿದು ಕಟ್ಟುತ್ತಾರೆ, ತೊಟ್ಟು ಒಣಗಿ ತಾನಾಗಿಯೇ ಉದುರಿಹೋಗುತ್ತದೆ. ಸೀಗಡಿಯನ್ನು ಮತ್ತೆ ನೀರಿನ ತೊಟ್ಟಿಯೊಳಗೆ ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಅದರ ಬೆನ್ನಿನುದ್ದಕ್ಕೂ, ಪಾರದರ್ಶಕ ಚಿಪ್ಪಿನಡಿಯಲ್ಲಿ, ಅಂಡಾಶಯ ದಪ್ಪಗಾಗುತ್ತಾ ಬಣ್ಣ ಕಟ್ಟುವುದು ಬರಿಗಣ್ಣಿಗೇ ಕಾಣುತ್ತದೆ.

ಸೀಗಡಿ, ಏಡಿಗಳಂಥ ಚಿಪ್ಪಿನ ಪ್ರಾಣಿಗಳಿಗೆ ಕಠಿಣಚರ್ಮಿಗಳು ಎನ್ನುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಸಾಕಲಾಗುವ ಕಠಿಣಚರ್ಮಿ ಪ್ರಾಣಿ ವನಾಮಿ ಸೀಗಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಇದರ ಸಾಕಣೆ ಉತ್ಪಾದನೆ ಸುಮಾರು 58 ಲಕ್ಷ ಟನ್. ಈ ಉದ್ಯಮದ ಮರಿಗಳಲ್ಲಿ ಬಹುಪಾಲು ಒಂದು ಕಣ್ಣು ಕಳೆದುಕೊಂಡ ತಾಯಂದಿರ ಹೊಟ್ಟೆಯಿಂದಲೇ ಬಂದಿವೆ. ಪ್ರಾಣಿ ಕಲ್ಯಾಣದ ಪ್ರಶ್ನೆ ಎದ್ದಿರುವುದರಿಂದ ಈ ಪದ್ಧತಿ ಈಗ ದೊಡ್ಡ ಚರ್ಚೆಯಾಗಿದೆ. ಒಂದು ಕಡೆ ಕರುಣೆ, ಇನ್ನೊಂದು ಕಡೆ ಲಾಭ ಎಂಬ ಹಗ್ಗಜಗ್ಗಾಟದಂತೆ ಅದನ್ನು ಬಿಂಬಿಸುವುದೇ ಹೆಚ್ಚು. ನನಗೆ ಅದಕ್ಕಿಂತ ಮೊದಲು ಕೇಳಬೇಕೆನಿಸುವ ಪ್ರಶ್ನೆ ಬೇರೆ: ಕಣ್ಣಿಗೂ ಅಂಡಾಶಯಕ್ಕೂ ಎಲ್ಲಿಂದೆಲ್ಲಿಯ ನಂಟು? ಆ ಕಾದ ಇಕ್ಕಳ ನಿಜವಾಗಿ ಸುಡುವುದು ಏನನ್ನು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಕೆಲವೇ ಕೆಲವು ಕಿಣ್ವಗಳ, ಅಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನುಗಳ, ಬಾಗಿಲಿಗೆ ಬಂದು ನಿಲ್ಲುತ್ತೇವೆ. ಕಿಣ್ವಗಳನ್ನು ಅರ್ಥಮಾಡಿಕೊಂಡರೆ ಇಕ್ಕಳ ಎಷ್ಟು ಒರಟು ಸಾಧನ ಎಂಬುದೂ ಅರ್ಥವಾಗುತ್ತದೆ.

ಕಣ್ಣಿನ ತೊಟ್ಟಿನೊಳಗೆ ಏನಿದೆ

1905ರಲ್ಲಿ ಚಾರ್ಲ್ಸ್ ಝೆಲೆನಿ ಎಂಬ ಪ್ರಾಣಿಶಾಸ್ತ್ರಜ್ಞ ಫಿಡ್ಲರ್ ಏಡಿಗಳ ಕಣ್ಣಿನ ತೊಟ್ಟು ತೆಗೆದಾಗ ಅವು ಮಾಮೂಲಿಗಿಂತ ಬೇಗ ಬೇಗ ಚಿಪ್ಪು ಕಳಚತೊಡಗಿದವು. ಹಾವು ಪೊರೆ ಬಿಡುವಂತೆ ಏಡಿ, ಸೀಗಡಿಗಳೂ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಬಿಡಲೇಬೇಕು. 1943ರಲ್ಲಿ ಫ್ರಾನ್ಸಿನ ಪ್ಯಾನೂಸ್ ಇದೇ ಕೆಲಸವನ್ನು ಸೀಗಡಿಗಳಲ್ಲಿ ಮಾಡಿ ನೋಡಿದಾಗ ಅವುಗಳ ಅಂಡಾಶಯ ಅಕಾಲದಲ್ಲಿ ಬಲಿಯಿತು. ಇಂದಿನ ಹ್ಯಾಚರಿ ಪದ್ಧತಿಯ ಬೇರು ಇರುವುದು ಆ ಪ್ರಯೋಗದಲ್ಲಿ.

ಕಣ್ಣಿನ ತೊಟ್ಟಿನಲ್ಲಿ ದೃಷ್ಟಿಯ ನರಗಳ ಜೊತೆಗೆ ಒಂದು ಪುಟ್ಟ ಹಾರ್ಮೋನು ಕೇಂದ್ರವೂ ಇದೆ. ಎಕ್ಸ್-ಅಂಗ ಎಂದು ಕರೆಯುವ ನರಕೋಶಗಳ ಗೊಂಚಲು ಪೆಪ್ಟೈಡ್ ಹಾರ್ಮೋನುಗಳನ್ನು ತಯಾರಿಸುತ್ತದೆ, ಅದರ ಪಕ್ಕದ ಸೈನಸ್ ಗ್ರಂಥಿ ಅವುಗಳನ್ನು ಕೂಡಿಟ್ಟುಕೊಂಡು ಬೇಕಾದಾಗ ರಕ್ತಕ್ಕೆ ಬಿಡುತ್ತದೆ. ಇಲ್ಲಿಂದ ಹೊರಡುವ ಮುಖ್ಯ ಹಾರ್ಮೋನುಗಳಲ್ಲಿ ಹಲವು ‘ಬೇಡ’ ಎನ್ನುವ ಜಾತಿಯವು. ಒಂದು ಚಿಪ್ಪು ಕಳಚುವುದನ್ನು ತಡೆಯುತ್ತದೆ, ಇನ್ನೊಂದು ಅಂಡಾಶಯ ಬಲಿಯುವುದನ್ನು ತಡೆಯುತ್ತದೆ, ಮತ್ತೊಂದು ದವಡೆಯ ಬಳಿಯ ಒಂದು ಗ್ರಂಥಿಯನ್ನು ಸುಮ್ಮನಿರಿಸುತ್ತದೆ. ಇವುಗಳ ಜೊತೆಗೇ ರಕ್ತದ ಸಕ್ಕರೆಯನ್ನು ಏರಿಸುವ ಹಾರ್ಮೋನೂ ಇದೆ. ಇವೆಲ್ಲ ಒಂದೇ ಮನೆತನದವು: ಹೆಚ್ಚು ಕಡಿಮೆ 70ರಿಂದ 80 ಅಮೈನೋ ಆಮ್ಲಗಳ ಸಣ್ಣ ಸರಪಳಿ, ಅದನ್ನು ಮೂರು ಕಡೆ ಗಂಟು ಹಾಕಿದಂತೆ ಗಂಧಕದ ಬಂಧಗಳು.

ಹಾಗಾದರೆ ತೊಟ್ಟು ಸುಟ್ಟಾಗ ಹೋಗುವುದು ಗಾಡಿಯ ಎಂಜಿನ್ ಅಲ್ಲ, ಬ್ರೇಕು. ಬ್ರೇಕು ಬಿಟ್ಟಾಗ ಓಡತೊಡಗುವ ಎಂಜಿನ್ ದೇಹದ ಬೇರೆ ಕಡೆ ಇದೆ.

ಸಂಗ್ರಹವಿಲ್ಲದ ಕಾರ್ಖಾನೆ

ಚಿಪ್ಪು ಕಳಚಿಸುವ ಹಾರ್ಮೋನು ತಯಾರಾಗುವುದು ವೈ-ಅಂಗದಲ್ಲಿ. ಸೀಗಡಿ, ಏಡಿಗಳ ತಲೆ ಎದೆ ಒಂದಾಗಿರುವ ಭಾಗದ ಮುಂದುಗಡೆ, ಎಡಕ್ಕೊಂದು ಬಲಕ್ಕೊಂದು ಇರುವ ಈ ಜೋಡಿ ಗ್ರಂಥಿಯನ್ನು 1953ರಲ್ಲಿ ಗೇಬ್ ಎಂಬ ವಿಜ್ಞಾನಿ ಗುರುತಿಸಿದರು. ಇದರ ಒಂದು ಗುಣವನ್ನು ಇಲ್ಲೇ ಒತ್ತಿ ಹೇಳಬೇಕು, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಸೈನಸ್ ಗ್ರಂಥಿ ಪೆಪ್ಟೈಡುಗಳನ್ನು ಉಗ್ರಾಣದಂತೆ ತುಂಬಿಟ್ಟುಕೊಳ್ಳುತ್ತದೆ. ವೈ-ಅಂಗ ಹಾಗಲ್ಲ. ಅದು ತಯಾರಿಸುವುದು ಸ್ಟಿರಾಯ್ಡ್. ಸ್ಟಿರಾಯ್ಡ್ ಅಣು ಕೊಬ್ಬಿನ ಪೊರೆಯನ್ನು ದಾಟಿ ಜಾರಿಹೋಗುವಂಥದ್ದು, ಅದನ್ನು ಚೀಲದಲ್ಲಿ ಕಟ್ಟಿಡಲು ಬರುವುದಿಲ್ಲ. ತಯಾರಾದ ಹಾಗೆಯೇ ರಕ್ತಕ್ಕೆ ಹೋಗಬೇಕು. ಆದ್ದರಿಂದ ರಕ್ತದಲ್ಲಿ ಈ ಹಾರ್ಮೋನು ಎಷ್ಟಿದೆ ಎಂಬುದು ಹೆಚ್ಚಾಗಿ ಆ ಹೊತ್ತಿಗೆ ವೈ-ಅಂಗದ ಕಿಣ್ವಗಳು ಎಷ್ಟು ಚುರುಕಾಗಿವೆ ಎಂಬುದರ ಮೇಲೇ ನಿಂತಿರುತ್ತದೆ. ಕಿಣ್ವದ ಕೈ ಕಟ್ಟಿದರೆ ಹಾರ್ಮೋನು ನಿಂತಿತು.

ಎಕ್ಡೈಸೋನ್ ಎಂಬ ಈ ಹಾರ್ಮೋನಿನ ಪ್ರಮಾಣ ಎಷ್ಟು ಕಡಿಮೆ ಎಂಬುದಕ್ಕೆ ಒಂದು ಹಳೆಯ ಸಾಹಸ ಸಾಕ್ಷಿ. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆ ಹುಳುವಿನ ಕೋಶಾವಸ್ಥೆಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ತೆಗೆದರು. 1966ರಲ್ಲಿ ಹ್ಯಾಂಪ್‌ಶೈರ್ ಮತ್ತು ಹಾರ್ನ್ ಕಲ್ಲುಸಿಂಗಡಿಗಳ ಸುಮಾರು ಒಂದು ಟನ್ ತ್ಯಾಜ್ಯವನ್ನು ಸೋಸಿ ಬಸಿದು ಪಡೆದದ್ದು ಎರಡು ಮಿಲಿಗ್ರಾಂ. ಅದಕ್ಕೆ ಆಗ ಕ್ರಸ್ಟೆಕ್ಡೈಸೋನ್ ಎಂದು ಹೆಸರಿಟ್ಟರು. ಇಂದು 20-ಹೈಡ್ರಾಕ್ಸಿಎಕ್ಡೈಸೋನ್ ಎಂದು ಎಲ್ಲರೂ ಕರೆಯುವುದು ಅದನ್ನೇ. ಹುಳುವಿನಲ್ಲೂ ಸೀಗಡಿಯಲ್ಲೂ ಚರ್ಮಕ್ಕೆ ‘ಹೊಸದನ್ನು ಹೊಲಿದುಕೋ, ಹಳೆಯದನ್ನು ಬಿಡು’ ಎಂದು ಹೇಳುವುದು ಈ ಒಂದೇ ಅಣು.

ದೆವ್ವದ ಹೆಸರಿನ ಕಿಣ್ವಗಳು

ಈ ಅಣುವನ್ನು ಕಟ್ಟುವ ಕಿಣ್ವಗಳ ಹೆಸರು ಕೇಳಿದವರಿಗೆ ಅಚ್ಚರಿಯಾಗಬೇಕು. ಸ್ಪೂಕ್ ಎಂದರೆ ದೆವ್ವ. ಫ್ಯಾಂಟಮ್ ಎಂದರೆ ಭೂತ. ಡಿಸ್‌ಎಂಬಾಡೀಡ್ ಎಂದರೆ ದೇಹ ಕಳೆದುಕೊಂಡದ್ದು. ಶ್ಯಾಡೋ, ಶೇಡ್ ಎರಡೂ ನೆರಳು. ಶ್ರೌಡ್ ಎಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಇವಕ್ಕೆ ಒಟ್ಟಾಗಿ ಹ್ಯಾಲೋವೀನ್ ಜೀನುಗಳು ಎಂದು ಹೆಸರು. 1980ರ ದಶಕದಲ್ಲಿ ಕ್ರಿಸ್ಟಿಯಾನೆ ನುಸ್ಲೈನ್-ಫೋಲ್‌ಹಾರ್ಡ್, ಎರಿಕ್ ವೀಶೌಸ್ ಮತ್ತು ಸಂಗಡಿಗರು ಹಣ್ಣಿನ ನೊಣಗಳ ಜೀನುಗಳನ್ನು ಒಂದೊಂದಾಗಿ ಕೆಡಿಸಿ ಭ್ರೂಣಗಳಿಗೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಕೆಲವು ಭ್ರೂಣಗಳಲ್ಲಿ ಹೊರಚರ್ಮವೇ ಸರಿಯಾಗಿ ಮೂಡದೆ ಅವು ಮಸುಕು ಮಸುಕಾಗಿ, ಪ್ರೇತದಂತೆ ಕಾಣುತ್ತಿದ್ದವು. ಅದನ್ನು ನೋಡಿಯೇ ಈ ಹೆಸರುಗಳು. ಆ ಜೀನುಗಳು ಹಾರ್ಮೋನು ಕಟ್ಟುವ ಕಿಣ್ವಗಳ ನಕ್ಷೆಗಳು ಎಂದು ತಿಳಿದದ್ದು 2000ದ ನಂತರ, ಮೈಕೆಲ್ ಓಕಾನರ್, ಲಾರೆನ್ಸ್ ಗಿಲ್ಬರ್ಟ್ ಮೊದಲಾದವರ ಪ್ರಯೋಗಾಲಯಗಳಲ್ಲಿ. ಚರ್ಮ ಮೂಡಿರಲಿಲ್ಲ, ಏಕೆಂದರೆ ಚರ್ಮಕ್ಕೆ ಆಜ್ಞೆ ಕೊಡುವ ಹಾರ್ಮೋನೇ ಇರಲಿಲ್ಲ. ನೊಣದ ಈ ಕಿಣ್ವಗಳ ಸರಿಸಾಟಿಗಳು ನೀರುಚಿಗಟ ಡ್ಯಾಫ್ನಿಯಾದಲ್ಲೂ ಸೀಗಡಿ, ಏಡಿಗಳಲ್ಲೂ ಸಿಕ್ಕಿವೆ.

ಕೆಲಸ ಶುರುವಾಗುವುದು ಕೊಲೆಸ್ಟರಾಲ್‌ನಿಂದ. ಇಲ್ಲೇ ಒಂದು ಸ್ವಾರಸ್ಯವಿದೆ. ನಮ್ಮ ಯಕೃತ್ತು ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸೀಗಡಿಗೆ ಆ ವಿದ್ಯೆ ಬರುವುದಿಲ್ಲ. ಕೀಟ, ಏಡಿ, ಸೀಗಡಿಗಳ ಪೂರ್ವಜರಲ್ಲಿ ಆ ದಾರಿಯ ನಡುವಿನ ಕಿಣ್ವಗಳೇ ಕಳೆದುಹೋಗಿವೆ. ಹಾಗಾಗಿ ಅದು ತಿಂದೇ ಪಡೆಯಬೇಕು. ಸಾಕಣೆಯ ಸೀಗಡಿ ಮೇವಿಗೆ ಕೊಲೆಸ್ಟರಾಲ್ ಬೆರೆಸುವುದು ಇದಕ್ಕೇ. ಮೇವಿನಲ್ಲಿ ಅದು ಕಡಿಮೆಯಾದರೆ ಸೀಗಡಿ ಸೊರಗುತ್ತದೆ, ಚಿಪ್ಪು ಕಳಚುವುದರಲ್ಲಿ ಎಡವುತ್ತದೆ. ಹಾರ್ಮೋನಿನ ಕಚ್ಚಾ ಮಾಲೇ ಇಲ್ಲದಿದ್ದರೆ ಕಿಣ್ವ ಏನು ತಾನೇ ಮಾಡೀತು!

ಮೊದಲ ಹೆಜ್ಜೆ ಇಡುವುದು ನೆವರ್‌ಲ್ಯಾಂಡ್ ಎಂಬ ಕಿಣ್ವ. ಕೊಲೆಸ್ಟರಾಲ್‌ನ ಉಂಗುರದಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತು ಅದು ಒಂದು ಜೋಡಿಬಂಧ ಮೂಡಿಸುತ್ತದೆ. ಈ ಕಿಣ್ವ ಕೆಟ್ಟ ಮರಿಹುಳು ದೊಡ್ಡದಾಗುವುದೇ ಇಲ್ಲ, ಆದ್ದರಿಂದ ಮಕ್ಕಳು ಎಂದೂ ಬೆಳೆಯದ ಕಥೆಯ ನಾಡಿನ ಹೆಸರನ್ನೇ ಇದಕ್ಕೆ ಇಟ್ಟರು. ಸೀಗಡಿಯ ವಿಷಯ ಬಿಟ್ಟು ಒಂದು ಕ್ಷಣ ಆಚೆ ಹೋದರೂ ಇದನ್ನು ಹೇಳದಿರಲಾರೆ: ಮರುಭೂಮಿಯ ಒಂದು ಹಣ್ಣಿನ ನೊಣದಲ್ಲಿ ಈ ಕಿಣ್ವದ ಕೆಲವೇ ಅಮೈನೋ ಆಮ್ಲಗಳು ಬದಲಾಗಿ ಅದು ಕೊಲೆಸ್ಟರಾಲನ್ನು ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡಿತು. ಈಗ ಆ ನೊಣ ಬದುಕುವುದು ಒಂದೇ ಜಾತಿಯ ಕಳ್ಳಿಗಿಡದ ಮೇಲೆ. ಆ ಕಳ್ಳಿಯಲ್ಲಿ ಮಾತ್ರ ಅದರ ಬದಲಾದ ಕಿಣ್ವಕ್ಕೆ ಒಗ್ಗುವ ಸ್ಟಿರಾಲ್ ಇದೆ. ಒಂದು ಕಿಣ್ವದಲ್ಲಿ ಆದ ಸಣ್ಣ ವ್ಯತ್ಯಾಸ ಇಡೀ ಪ್ರಾಣಿಯ ಬಾಳನ್ನು ಒಂದು ಗಿಡಕ್ಕೆ ಕಟ್ಟಿಹಾಕಿತು.

ನೆವರ್‌ಲ್ಯಾಂಡ್ ಆದಮೇಲಿನ ಹೆಜ್ಜೆಗಳಿಗೆ ವಿಜ್ಞಾನಿಗಳೇ ‘ಬ್ಲ್ಯಾಕ್ ಬಾಕ್ಸ್’ ಎನ್ನುತ್ತಾರೆ. ಸ್ಪೂಕ್ ಮತ್ತು ಶ್ರೌಡ್ ಇಲ್ಲಿ ದುಡಿಯುತ್ತವೆ, ಆದರೆ ನಡುವಿನ ಅಣುಗಳು ಎಷ್ಟು ಕ್ಷಣಿಕವೆಂದರೆ ಅವುಗಳನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಪೆಟ್ಟಿಗೆಯಿಂದ ಹೊರಬಂದ ಅಣುವಿಗೆ ಫ್ಯಾಂಟಮ್ 25ನೇ ಇಂಗಾಲದ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು (ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಪರಮಾಣುವಿನ ಜೋಡಿ) ಕೂರಿಸುತ್ತದೆ, ಡಿಸ್‌ಎಂಬಾಡೀಡ್ 22ರ ಮೇಲೆ, ಶ್ಯಾಡೋ 2ರ ಮೇಲೆ. ಅಲ್ಲಿಗೆ ಎಕ್ಡೈಸೋನ್ ಸಿದ್ಧ. ಅದು ವೈ-ಅಂಗವನ್ನು ಬಿಟ್ಟು ರಕ್ತದಲ್ಲಿ ಹೊರಡುತ್ತದೆ. ಕೊನೆಯ ಮೊಹರು ಬೀಳುವುದು ಬೇರೆ ಅಂಗಾಂಶಗಳಲ್ಲಿ: ಅಲ್ಲಿ ಶೇಡ್ ಕಿಣ್ವ 20ನೇ ಇಂಗಾಲದ ಮೇಲೆ ಇನ್ನೊಂದು ಹೈಡ್ರಾಕ್ಸಿಲ್ ಇಟ್ಟಾಗಲೇ ಹಾರ್ಮೋನಿಗೆ ಪೂರ್ಣ ಬಲ. ಅಂದರೆ ವೈ-ಅಂಗ ಕಳಿಸುವುದು ಅರೆಸಿದ್ಧ ಮಾಲು. ಯಾವ ಅಂಗಾಂಶದಲ್ಲಿ ಶೇಡ್ ಎಷ್ಟಿದೆಯೋ ಅಲ್ಲಿ ಹಾರ್ಮೋನಿನ ಮಾತು ಅಷ್ಟು ಗಟ್ಟಿ.

ಈ ಹೈಡ್ರಾಕ್ಸಿಲ್ ಕೂರಿಸುವ ಕೆಲಸ ಸುಲಭದ್ದಲ್ಲ. ಇಂಗಾಲ-ಹೈಡ್ರೋಜನ್ ಬಂಧ ಬಹಳ ಮೊಂಡು. ಫ್ಯಾಂಟಮ್, ಡಿಸ್‌ಎಂಬಾಡೀಡ್, ಶ್ಯಾಡೋ, ಶೇಡ್, ಸ್ಪೂಕ್ ಎಲ್ಲವೂ ಸೈಟೋಕ್ರೋಮ್ ಪಿ450 ಎಂಬ ಮಹಾಕುಟುಂಬದವು. ಪ್ರತಿಯೊಂದರ ಹೊಟ್ಟೆಯಲ್ಲೂ ನಮ್ಮ ಹಿಮೋಗ್ಲೋಬಿನ್‌ನಲ್ಲಿ ಇರುವಂಥದೇ ಹೀಮ್, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಹಾಗೆಯೇ ಇಳಿಸಿಬಿಡುತ್ತದೆ. ಪಿ450 ಆಮ್ಲಜನಕದ ಅಣುವನ್ನು ಸೀಳುತ್ತದೆ. ಒಂದು ಪರಮಾಣು ನೀರಾಗಿ ಹೋಗುತ್ತದೆ, ಇನ್ನೊಂದನ್ನು ಸ್ಟಿರಾಯ್ಡ್‌ನ ಗೊತ್ತಾದ ಇಂಗಾಲಕ್ಕೇ, ಗೊತ್ತಾದ ದಿಕ್ಕಿನಿಂದಲೇ ಜೋಡಿಸುತ್ತದೆ. 27 ಇಂಗಾಲಗಳಿರುವ ಅಣುವಿನಲ್ಲಿ 22ಕ್ಕೇ ಕೈ ಹಾಕಬೇಕು, 21ಕ್ಕಲ್ಲ, 23ಕ್ಕಲ್ಲ. ಕಿಣ್ವದೊಳಗಿನ ಗುಳಿಯ ಆಕಾರವೇ ಆ ಅಣುವನ್ನು ಬೇರೆ ರೀತಿಯಲ್ಲಿ ಮಲಗಲು ಬಿಡುವುದಿಲ್ಲ.

ಇದಕ್ಕೆ ಎಲೆಕ್ಟ್ರಾನುಗಳು ಬೇಕು, ಆಮ್ಲಜನಕ ಬೇಕು. ಕೆಲಸದ ಜಾಗವೂ ಒಂದೇ ಅಲ್ಲ. ಫ್ಯಾಂಟಮ್ ಇರುವುದು ಕೋಶದೊಳಗಿನ ಎಂಡೋಪ್ಲಾಸ್ಮಿಕ್ ಜಾಲದಲ್ಲಿ, ಡಿಸ್‌ಎಂಬಾಡೀಡ್, ಶ್ಯಾಡೋ ಇರುವುದು ಮೈಟೋಕಾಂಡ್ರಿಯದಲ್ಲಿ. ಒಂದು ಕಡೆ ಕೆತ್ತಿಸಿಕೊಂಡ ಅಣು ಮುಂದಿನ ಕೆತ್ತನೆಗೆ ಇನ್ನೊಂದು ಕಡೆಗೆ ದಾಟಬೇಕು. ವೈ-ಅಂಗದ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಯವಾದ ಎಂಡೋಪ್ಲಾಸ್ಮಿಕ್ ಜಾಲವೂ ಮೈಟೋಕಾಂಡ್ರಿಯಗಳೂ ಒತ್ತೊತ್ತಾಗಿ ತುಂಬಿರುವುದು ಸುಮ್ಮನೆ ಅಲ್ಲ.

ಎಲ್ಲ ಕಠಿಣಚರ್ಮಿಗಳೂ ಒಂದೇ ದಾರಿ ಹಿಡಿಯುವುದೂ ಇಲ್ಲ. ಕೆಲವು ಏಡಿಗಳ ವೈ-ಅಂಗ ಫ್ಯಾಂಟಮ್‌ನ ಹೆಜ್ಜೆಯನ್ನು ಬಿಟ್ಟು, 25ರಲ್ಲಿ ಹೈಡ್ರಾಕ್ಸಿಲ್ ಇಲ್ಲದ ಎಕ್ಡೈಸೋನನ್ನೂ ಕಳಿಸುತ್ತದೆ. ಶೇಡ್ ಅದನ್ನು ಮುಟ್ಟಿದಾಗ ಆಗುವುದು ಪೊನಾಸ್ಟೆರೋನ್-ಎ. ಇದು ಮೊದಲು ಸಿಕ್ಕಿದ್ದು ಪೊಡೊಕಾರ್ಪಸ್ ಜಾತಿಯ ಮರದಲ್ಲಿ, 1966ರಲ್ಲಿ! ಹುಳುಗಳ ಕಾಟಕ್ಕೆ ಗಿಡ ಕಂಡುಕೊಂಡ ಅಸ್ತ್ರವನ್ನು ಏಡಿ ತನ್ನ ದಿನನಿತ್ಯದ ಹಾರ್ಮೋನಾಗಿ ಬಳಸುತ್ತಿದೆ.

ಬ್ರೇಕು ಹಿಡಿಯುವ ಬಗೆ

ಈಗ ಕಣ್ಣಿನ ತೊಟ್ಟಿಗೆ ಮರಳೋಣ. ಅಲ್ಲಿಂದ ಬರುವ ಚಿಪ್ಪು-ತಡೆ ಹಾರ್ಮೋನು ವೈ-ಅಂಗದ ಕೋಶದ ಹೊರಗೋಡೆಯನ್ನು ತಟ್ಟುತ್ತದೆ. ಒಳಗೆ ಸಂದೇಶ ಕೈಯಿಂದ ಕೈಗೆ ದಾಟುತ್ತದೆ: ಸೈಕ್ಲಿಕ್ ಎಎಂಪಿ ಸ್ವಲ್ಪ ಹೊತ್ತು ಏರುತ್ತದೆ, ಕ್ಯಾಲ್ಸಿಯಂ ಏರುತ್ತದೆ, ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ಕೊನೆಗೆ ಸೈಕ್ಲಿಕ್ ಜಿಎಂಪಿ. ಡೊನಾಲ್ಡ್ ಮೈಕಲ್ಸ್, ಅರ್ನೆಸ್ಟ್ ಚಾಂಗ್ ಅವರ ತಂಡಗಳು ನೆಲದ ಏಡಿಗಳಲ್ಲಿ ಹಲವು ವರ್ಷ ದುಡಿದು ಈ ಸರಣಿಯನ್ನು ಬಿಡಿಸಿಟ್ಟಿವೆ. ಇದರ ಫಲವಾಗಿ ಸ್ಟಿರಾಯ್ಡ್ ಕಟ್ಟುವ ಕೆಲಸ ಕುಗ್ಗುತ್ತದೆ. ಕುರುಮಾ ಸೀಗಡಿಯಲ್ಲಿ ಜಪಾನಿನ ಸಂಶೋಧಕರು 2009ರಲ್ಲಿ ಇದನ್ನು ಕಿಣ್ವದ ಮಟ್ಟದಲ್ಲೇ ತೋರಿಸಿದರು: ತಡೆ ಹಾರ್ಮೋನು ಬಿದ್ದ ವೈ-ಅಂಗದಲ್ಲಿ ಫ್ಯಾಂಟಮ್ ಜೀನಿನ ಚಟುವಟಿಕೆಯೇ ಇಳಿದಿತ್ತು.

ತಡೆ ಹಾರ್ಮೋನು ಕಡಿಮೆಯಾದಾಗ ವೈ-ಅಂಗ ಎಚ್ಚರಗೊಳ್ಳುತ್ತದೆ. ಎಂಟಾರ್ ಎಂಬ ಬೆಳವಣಿಗೆಯ ಸಂಕೇತಜಾಲ ಚುರುಕಾಗಿ ಗ್ರಂಥಿ ಊದಿಕೊಳ್ಳುತ್ತದೆ, ಕಿಣ್ವಗಳ ತಯಾರಿಕೆ ಏರುತ್ತದೆ. ಮುಂದೆ ಒಂದು ಹಂತ ದಾಟಿದ ಮೇಲೆ ಬ್ರೇಕು ಒತ್ತಿದರೂ ಅದು ಕೇಳುವುದಿಲ್ಲ. ಇದರಲ್ಲಿ ಒಂದು ವಿವೇಕವಿದೆ. ಅರ್ಧ ಹೊಲಿದ ಹೊಸ ಚಿಪ್ಪನ್ನು ಒಳಗಿಟ್ಟುಕೊಂಡು ಪ್ರಾಣಿ ಮನಸ್ಸು ಬದಲಿಸಿ ಹಿಂದಕ್ಕೆ ಹೋಗುವಂತಿಲ್ಲ.

ಈ ಹೊಲಿಗೆಯನ್ನು ಕಣ್ಣಾರೆ ನೋಡಬಹುದು. ಬದುಕಿರುವ ಸೀಗಡಿಯ ಬಾಲದ ರೆಕ್ಕೆಯ ಅಂಚನ್ನು ಸಾಮಾನ್ಯ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಸಾಕು, ಸೀಗಡಿಗೆ ಗಾಯವೇನೂ ಆಗುವುದಿಲ್ಲ. ಮಾಮೂಲಿ ದಿನಗಳಲ್ಲಿ ಚರ್ಮದ ಬಣ್ಣದ ಕಣಗಳು ಅಂಚಿನ ಕೂದಲುಗಳ ಬುಡದವರೆಗೂ ಒತ್ತಿಕೊಂಡಿರುತ್ತವೆ. ಹಾರ್ಮೋನು ಏರತೊಡಗಿದಾಗ ಚರ್ಮ ಹಳೆಯ ಚಿಪ್ಪನ್ನು ಬಿಟ್ಟು ಹಿಂದೆ ಸರಿಯುತ್ತದೆ, ನಡುವೆ ಒಂದು ತೆಳ್ಳನೆಯ ಪಾರದರ್ಶಕ ಪಟ್ಟಿ ಕಾಣುತ್ತದೆ. ದಿನ ಕಳೆದಂತೆ ಆ ಪಟ್ಟಿ ಅಗಲವಾಗುತ್ತದೆ, ಸರಿದ ಚರ್ಮದ ಅಂಚಿನಲ್ಲಿ ಹೊಸ ಕೂದಲುಗಳು ಒಳಮುಖವಾಗಿ ಮಡಚಿಕೊಂಡು ಮೂಡುತ್ತವೆ, ಕಾಲುಚೀಲದ ಬೆರಳನ್ನು ಒಳಕ್ಕೆ ತಿರುವಿ ಇಟ್ಟ ಹಾಗೆ. 1939ರಲ್ಲಿ ಡ್ರಾಕ್ ಎಂಬ ವಿಜ್ಞಾನಿ ಈ ಹಂತಗಳಿಗೆ ಎ, ಬಿ, ಸಿ, ಡಿ, ಇ ಎಂದು ಅಕ್ಷರ ಕೊಟ್ಟರು, ಇಂದಿಗೂ ಅವೇ ಬಳಕೆಯಲ್ಲಿವೆ. ಹಾರ್ಮೋನು ಚಿಪ್ಪು ಬಿಡುವ ತಯಾರಿಯ ಡಿ ಹಂತದಲ್ಲಿ ಶಿಖರ ಮುಟ್ಟಿ, ಚಿಪ್ಪು ಕಳಚುವ ಮುನ್ನ ಥಟ್ಟನೆ ಇಳಿಯುತ್ತದೆ. ಆ ಇಳಿತ ಆಗದಿದ್ದರೆ ಪ್ರಾಣಿ ಹಳೆಯ ಚಿಪ್ಪಿನಿಂದ ಹೊರಬರಲಾರದು. ಹಾಗಾಗಿ ಹಾರ್ಮೋನನ್ನು ಕಟ್ಟುವ ಕಿಣ್ವಗಳಷ್ಟೇ ಅದನ್ನು ಒಡೆದು ಹಾಕುವ ಕಿಣ್ವಗಳೂ ಮುಖ್ಯ.

ಬ್ರೇಕನ್ನು ದೇಹ ತಾನೇ ಸಡಿಲಿಸಬಲ್ಲದು ಎಂಬುದಕ್ಕೆ ಏಡಿಗಳಲ್ಲಿ ಒಂದು ಚೆಂದದ ಸಾಕ್ಷ್ಯವಿದೆ. ನೆಲದ ಏಡಿಯೊಂದು ಒಮ್ಮೆಗೇ ಹಲವು ಕಾಲುಗಳನ್ನು ಕಳೆದುಕೊಂಡರೆ ಅದು ಚಿಪ್ಪು ಬಿಡುವ ತಯಾರಿಯನ್ನು ಮುಂದೂಡುವುದಿಲ್ಲ, ಬೇಗನೆ ಶುರುಮಾಡುತ್ತದೆ. ಹೊಸ ಕಾಲುಗಳು ಬರಬೇಕಾದರೆ ಅದೊಂದೇ ದಾರಿ. ಕಣ್ಣಿನ ಬ್ರೇಕು ಅಲ್ಲೇ ಇದೆ, ಯಾರೂ ಸುಟ್ಟಿಲ್ಲ, ಆದರೂ ದೇಹ ತನ್ನ ಅಗತ್ಯ ನೋಡಿ ಅದನ್ನು ತಾನೇ ಸಡಿಲಿಸುತ್ತದೆ.

ಅಂಡಾಶಯದ ಕಡೆಯ ಕಥೆ

ಮೊಟ್ಟೆಯ ವಿಷಯಕ್ಕೆ ಬಂದರೆ ಇನ್ನೊಂದು ಹಾರ್ಮೋನು ರಂಗಕ್ಕೆ ಬರುತ್ತದೆ: ಮೀಥೈಲ್ ಫಾರ್ನೆಸೋಯೇಟ್. ಇದು ಸ್ಟಿರಾಯ್ಡ್ ಅಲ್ಲ. ಕಣ್ಣಿನ ತೊಟ್ಟಿನ ಹಾರ್ಮೋನು ಸುಮ್ಮನಿರಿಸುತ್ತದೆ ಎಂದೆನಲ್ಲ, ದವಡೆಯ ಬಳಿಯ ಆ ಗ್ರಂಥಿಯೇ ಮ್ಯಾಂಡಿಬ್ಯುಲರ್ ಅಂಗ. ಅಲ್ಲಿ ತಯಾರಾಗುವ ಇದನ್ನು ಕಠಿಣಚರ್ಮಿಗಳಲ್ಲಿ 1987ರಲ್ಲಿ ಹಾನ್ಸ್ ಲಾಫರ್ ಮತ್ತು ಸಂಗಡಿಗರು ಜೇಡ ಏಡಿಯೊಂದರಲ್ಲಿ ಗುರುತಿಸಿದರು. ಕೊಲೆಸ್ಟರಾಲ್ ತಯಾರಿಕೆಯ ದಾರಿ ಸೀಗಡಿಯಲ್ಲಿ ನಡುವೆ ಕಡಿದುಹೋಗಿದೆ ಎಂದೆನಲ್ಲ, ಆ ದಾರಿಯ ಮೊದಲರ್ಧ ಮಾತ್ರ ಹಾಗೆಯೇ ಉಳಿದಿದೆ. ನಮ್ಮಲ್ಲಿ ಸ್ಟ್ಯಾಟಿನ್ ಔಷಧಿಗಳು ಕಟ್ಟಿಹಾಕುವ ಕಿಣ್ವವೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಕೊಲೆಸ್ಟರಾಲ್‌ನತ್ತ ಹೋಗುವ ಆ ಹಾದಿಯನ್ನು ಸೀಗಡಿ ಫಾರ್ನೆಸೋಯಿಕ್ ಆಮ್ಲದತ್ತ ತಿರುಗಿಸಿಕೊಂಡಿದೆ. ಕೊನೆಯಲ್ಲಿ ಮೀಥೈಲ್ ವರ್ಗಾವಣೆ ಮಾಡುವ ಕಿಣ್ವ ಒಂದು ಪುಟ್ಟ ಮೀಥೈಲ್ ಟೋಪಿ ತೊಡಿಸಿದರೆ ಹಾರ್ಮೋನು ತಯಾರು. ಕೀಟಗಳಲ್ಲಿ ಇದರ ಮೇಲೆ ಇನ್ನೊಂದು ಪಿ450 ಕಿಣ್ವ ಆಮ್ಲಜನಕ ಸೇರಿಸಿ ಅದನ್ನು ಜುವೆನೈಲ್ ಹಾರ್ಮೋನಾಗಿ ಮಾಡುತ್ತದೆ. ಸೀಗಡಿಯಲ್ಲಿ ಆ ಕಿಣ್ವವಿಲ್ಲ. ಹಾಗಾಗಿ ಕೀಟದ ಜುವೆನೈಲ್ ಹಾರ್ಮೋನಿಗೂ ಸೀಗಡಿಯ ಹಾರ್ಮೋನಿಗೂ ಇರುವ ಅಂತರ ಒಂದೇ ಒಂದು ಕಿಣ್ವದ್ದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ಗೊಂದಲ ಬಹಳ. ಸೀಗಡಿಯ ಅಂಗಾಂಶದಲ್ಲಿ ಈಸ್ಟ್ರಾಡಯಾಲ್, ಪ್ರೊಜೆಸ್ಟೆರಾನ್ ಪತ್ತೆಯಾಗಿದೆ ಎಂಬ ವರದಿಗಳು ಆಗಾಗ ಬರುತ್ತವೆ. ಹೈಡ್ರಾಕ್ಸಿಸ್ಟಿರಾಯ್ಡ್ ಡಿಹೈಡ್ರೋಜಿನೇಸ್ ಎಂಬ ಹೆಸರಿನ ಜೀನುಗಳೂ ಸೀಗಡಿಯಲ್ಲಿ ಸಿಕ್ಕಿವೆ. ಅಷ್ಟಕ್ಕೇ ಸೀಗಡಿಗೂ ನಮ್ಮಂತೆಯೇ ಲೈಂಗಿಕ ಹಾರ್ಮೋನುಗಳಿವೆ ಎಂದು ತೀರ್ಮಾನಿಸುವುದು ಆತುರ. ಜೀನಿಗೆ ಹೆಸರು ಬಂದಿರುವುದು ಮನುಷ್ಯನ ಜೀನಿನ ಅಕ್ಷರಮಾಲೆಗೆ ಅದು ಹೋಲುತ್ತದೆ ಎಂಬ ಕಾರಣಕ್ಕೆ. ಆ ಕುಟುಂಬದ ಎಷ್ಟೋ ಕಿಣ್ವಗಳು ಕೊಬ್ಬಿನಾಮ್ಲಗಳ ಮೇಲೂ ಕೆಲಸ ಮಾಡುತ್ತವೆ. ಅದಕ್ಕಿಂತ ದೊಡ್ಡ ಮಾತು: ಬೆನ್ನೆಲುಬಿನ ಪ್ರಾಣಿಗಳಲ್ಲಿ ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವದ ಜೀನೇ ಸಂಧಿಪದಿಗಳಲ್ಲಿ, ಅಂದರೆ ಕೀಟ, ಏಡಿ, ಸೀಗಡಿಗಳ ಬಳಗದಲ್ಲಿ, ಇಲ್ಲ. ನಮ್ಮ ದೇಹ ಕೊಲೆಸ್ಟರಾಲ್‌ನ ಬಾಲವನ್ನು ಕತ್ತರಿಸಿ ಹಾಕಿ ಲೈಂಗಿಕ ಹಾರ್ಮೋನು ಮಾಡುತ್ತದೆ, ಸೀಗಡಿ ಆ ಬಾಲವನ್ನು ಉಳಿಸಿಕೊಂಡು 27 ಇಂಗಾಲಗಳ ಎಕ್ಡೈಸೋನ್ ಮಾಡುತ್ತದೆ. ಎರಡು ಬೇರೆ ಬೇರೆ ಕುಶಲಕರ್ಮಗಳು. ಕಿಣ್ವವನ್ನು ಶುದ್ಧೀಕರಿಸಿ, ಅದರ ಮುಂದೆ ಅಣುವನ್ನಿಟ್ಟು, ಏನಾಗಿ ಹೊರಬಂತು ಎಂದು ನೋಡುವವರೆಗೆ ಹೆಸರನ್ನು ನಂಬಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಂಡುತನದ ಹಾರ್ಮೋನೂ ಇದನ್ನೇ ಹೇಳುತ್ತದೆ. 1954ರಲ್ಲಿ ಫ್ರಾನ್ಸಿನ ಹೆಲೆನ್ ಶಾರ್ನಿಯೋ-ಕಾಟನ್ ಕಡಲತೀರದಲ್ಲಿ ಕುಪ್ಪಳಿಸುವ ಒಂದು ಪುಟ್ಟ ಕಠಿಣಚರ್ಮಿಯಲ್ಲಿ ಆಂಡ್ರೋಜೆನಿಕ್ ಗ್ರಂಥಿಯನ್ನು ಕಂಡುಹಿಡಿದರು. ಅದನ್ನು ಹೆಣ್ಣಿಗೆ ಕಸಿ ಮಾಡಿದರೆ ಹೆಣ್ಣು ಗಂಡಿನ ಲಕ್ಷಣ ತಳೆಯಿತು. ಗ್ರಂಥಿಯ ಹೆಸರು ಕೇಳಿ ಟೆಸ್ಟೋಸ್ಟಿರಾನ್ ಇರಬಹುದು ಎಂದುಕೊಂಡರೆ ತಪ್ಪು. ಅದು ಇನ್ಸುಲಿನ್‌ನ ನೆಂಟನಾದ ಒಂದು ಪ್ರೋಟೀನು. ಇಲ್ಲಿ ಕಿಣ್ವದ ಕೆಲಸ ಅಣುವನ್ನು ಕಟ್ಟುವುದಲ್ಲ, ಉದ್ದವಾಗಿ ತಯಾರಾದ ಸರಪಳಿಯ ನಡುತುಂಡನ್ನು ಕತ್ತರಿಸಿ ತೆಗೆಯುವುದು.

ಇಕ್ಕಳಕ್ಕೆ ಬದಲು ಏನು

ಈಗ ಹ್ಯಾಚರಿಯ ಆ ದೃಶ್ಯವನ್ನು ಮತ್ತೊಮ್ಮೆ ನೋಡಿ. ಬೇಕಾಗಿರುವುದು ಅಂಡಾಶಯದ ಒಂದು ಬ್ರೇಕು ಸಡಿಲವಾಗುವುದು. ಇಕ್ಕಳ ಒಮ್ಮೆಗೇ ಎಲ್ಲ ಬ್ರೇಕುಗಳನ್ನೂ ಅರ್ಧಕ್ಕೆ ಇಳಿಸುತ್ತದೆ: ಚಿಪ್ಪಿನದು, ಅಂಡಾಶಯದ್ದು, ಮ್ಯಾಂಡಿಬ್ಯುಲರ್ ಅಂಗದ್ದು, ಜೊತೆಗೆ ಸಕ್ಕರೆಯ ನಿಯಂತ್ರಣ. ಎರಡೂ ಕಣ್ಣು ತೆಗೆದರೆ ಸೀಗಡಿ ಸಾಮಾನ್ಯವಾಗಿ ಉಳಿಯುವುದಿಲ್ಲ, ಅದಕ್ಕೇ ಒಂದನ್ನೇ ತೆಗೆಯುತ್ತಾರೆ. ಯಾವ ಹಂತದಲ್ಲಿ ತೆಗೆಯುತ್ತೀರಿ ಎಂಬುದರ ಮೇಲೆ ಫಲವೂ ಬೇರೆ. ಎರಡು ಪೊರೆಗಳ ನಡುವಿನ ಶಾಂತ ಹಂತದಲ್ಲಿ ತೆಗೆದರೆ ಅಂಡಾಶಯ ಬಲಿಯುತ್ತದೆ. ಚಿಪ್ಪು ಬಿಡುವ ತಯಾರಿಯಲ್ಲಿದ್ದಾಗ ತೆಗೆದರೆ ಅದು ಮೊಟ್ಟೆಯ ಬದಲು ಚಿಪ್ಪು ಬಿಡುತ್ತದೆ. ಈಗಷ್ಟೇ ಚಿಪ್ಪು ಬಿಟ್ಟು ಮೆತ್ತಗಿರುವಾಗ ತೆಗೆದರೆ ಸಾಯುವ ಸಾಧ್ಯತೆ ಹೆಚ್ಚು. ಎಲ್ಲವೂ ಆ ಹೊತ್ತಿಗೆ ಯಾವ ಗ್ರಂಥಿಯ ಕಿಣ್ವಗಳು ಸಜ್ಜಾಗಿ ನಿಂತಿವೆ ಎಂಬುದಕ್ಕೆ ತಕ್ಕಂತೆ. ಬದುಕುಳಿದವೂ ಬೇಗ ಬಸವಳಿಯುತ್ತವೆ, ಸಂಗ್ರಹಿಸಿದ ಪೋಷಕಾಂಶವನ್ನೆಲ್ಲ ಸಾಲುಸಾಲಾಗಿ ಮೊಟ್ಟೆಗೆ ಸುರಿಯಬೇಕಾಗುತ್ತದೆ.

ನೋವಿನ ಪ್ರಶ್ನೆಯನ್ನು ಇನ್ನು ಬದಿಗೆ ಸರಿಸುವಂತಿಲ್ಲ. ತೊಟ್ಟು ಸುಟ್ಟಾಗ ಸೀಗಡಿ ಬಾಲ ಬಡಿಯುತ್ತದೆ, ಗಾಯದ ಜಾಗವನ್ನು ಉಜ್ಜಿಕೊಳ್ಳುತ್ತದೆ. ಮರಗಟ್ಟಿಸುವ ಔಷಧಿ ಹಚ್ಚಿದರೆ ಈ ಒದ್ದಾಟ ಕಡಿಮೆಯಾಗುತ್ತದೆ. ಜೋನಥನ್ ಬರ್ಚ್ ನೇತೃತ್ವದಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ತಂಡ 2021ರಲ್ಲಿ ಕೊಟ್ಟ ವರದಿಯ ನಂತರ, ಬ್ರಿಟನ್ನಿನ 2022ರ ಪ್ರಾಣಿ ಸಂವೇದನೆ ಕಾಯ್ದೆಯಲ್ಲಿ ಸೀಗಡಿ, ಏಡಿಗಳಂಥ ಹತ್ತುಕಾಲಿನ ಕಠಿಣಚರ್ಮಿಗಳೂ ಸೇರಿದವು.

ಬದಲಿ ದಾರಿಗಳು ಎರಡು ಬಗೆಯವು. ಒಂದು, ಸಂದೇಶವನ್ನೇ ಗುರಿಯಿಟ್ಟು ಅಳಿಸುವುದು. ಥಾಯ್ಲೆಂಡಿನ ಸಂಶೋಧಕರು 2011ರಲ್ಲಿ ಟೈಗರ್ ಸೀಗಡಿಗೆ ಜೋಡಿಎಳೆಯ ಆರ್‌ಎನ್‌ಎ ಚುಚ್ಚಿ, ಅಂಡಾಶಯ-ತಡೆ ಹಾರ್ಮೋನಿನ ಸಂದೇಶವನ್ನಷ್ಟೇ ಮೌನಗೊಳಿಸಿ, ಕಣ್ಣು ಮುಟ್ಟದೆಯೇ ಮೊಟ್ಟೆ ಇಡಿಸಿ ತೋರಿಸಿದರು. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಅಮೀರ್ ಸಾಗಿ ತಂಡ ಇದೇ ತಂತ್ರದಿಂದ ಸಿಹಿನೀರಿನ ದೈತ್ಯ ಸೀಗಡಿಯಲ್ಲಿ ಆ ಇನ್ಸುಲಿನ್ ನೆಂಟನ ಜೀನನ್ನು ಮೌನಗೊಳಿಸಿ, ಹುಟ್ಟಿನಿಂದ ಗಂಡಾದದ್ದನ್ನು ಮೊಟ್ಟೆಯಿಡುವ ಹೆಣ್ಣಾಗಿಸಿತು. ಅಂಥ ಹೆಣ್ಣಿನ ಮರಿಗಳೆಲ್ಲ ಗಂಡೇ. ಆ ಜಾತಿಯಲ್ಲಿ ಗಂಡು ದೊಡ್ಡದಾಗಿ ಬೆಳೆಯುವುದರಿಂದ ಸಾಕುವವರಿಗೆ ಲಾಭ. ತಾತ್ಕಾಲಿಕವಾಗಿ ಸಂದೇಶ ಅಳಿಸುವುದಷ್ಟೇ ಹೊರತು ಜೀನನ್ನು ಇಲ್ಲಿ ತಿದ್ದಿಲ್ಲ.

ಎರಡನೆಯದು ಇನ್ನೂ ಸರಳ: ಕಣ್ಣು ಸುಡದೆ ಇರುವುದು. ಹಲವು ತಲೆಮಾರು ಸಾಕಣೆಯಲ್ಲೇ ಬೆಳೆದ ವನಾಮಿ ಒಳ್ಳೆಯ ಆಹಾರ, ಸರಿಯಾದ ಬಿಸಿ, ಮಂದ ಬೆಳಕು ಇದ್ದರೆ ತಾನಾಗಿಯೇ ಬಲಿಯುತ್ತದೆ. ಇಡುವ ಸರದಿಗಳು ಕಡಿಮೆಯಾಗುತ್ತವೆ, ಅದಕ್ಕೆ ತಾಯಿ ಸೀಗಡಿಗಳ ಸಂಖ್ಯೆ ಸ್ವಲ್ಪ ಹೆಚ್ಚಿಸಬೇಕಾಗುತ್ತದೆ. ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಿಮಾವೋ ಜಕಾರಿಯಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕಾಚಾರವನ್ನೇ ಬದಲಿಸುವಂಥದ್ದು. ಕಣ್ಣು ಸುಡದ ತಾಯಂದಿರ ಮರಿಗಳನ್ನು ರೋಗಕಾರಕ ವಿಬ್ರಿಯೋ ಬ್ಯಾಕ್ಟೀರಿಯಕ್ಕೂ ಬಿಳಿಚುಕ್ಕೆ ರೋಗದ ವೈರಸ್‌ಗೂ ಒಡ್ಡಿದಾಗ ಅವು ಸುಟ್ಟ ತಾಯಂದಿರ ಮರಿಗಳಿಗಿಂತ ಹೆಚ್ಚು ಉಳಿದವು. ಸೀಗಡಿ ಕೊಳಗಳನ್ನೇ ಬರಿದಾಗಿಸುವ ರೋಗಗಳು ಇವು. ಮೊಟ್ಟೆಯ ಎಣಿಕೆಯಲ್ಲಿ ಕಳೆದುಕೊಂಡದ್ದು ಮರಿಯ ಗಟ್ಟಿತನದಲ್ಲಿ ಮರಳಿ ಬರುವುದಾದರೆ ಇಕ್ಕಳವನ್ನು ಸಮರ್ಥಿಸಿಕೊಳ್ಳಲು ಏನು ಉಳಿಯುತ್ತದೆ?

ಹ್ಯಾಚರಿಯ ಹೊರಗೂ ಈ ಕಿಣ್ವಗಳಿಗೆ ಅಪಾಯವಿದೆ. ಶಿಲೀಂಧ್ರನಾಶಕಗಳಲ್ಲಿ ಹಲವು ಕೆಲಸ ಮಾಡುವುದೇ ಶಿಲೀಂಧ್ರದ ಪಿ450 ಕಿಣ್ವದ ಕಬ್ಬಿಣಕ್ಕೆ ಅಂಟಿಕೊಂಡು. ಅಂಥದ್ದೊಂದಾದ ಫೆನಾರಿಮಾಲ್ ಡ್ಯಾಫ್ನಿಯಾದಲ್ಲಿ ಎಕ್ಡೈಸೋನನ್ನು ತಗ್ಗಿಸಿ ಭ್ರೂಣಗಳನ್ನು ಕೆಡಿಸುತ್ತದೆ ಎಂದು ಜೆರಾಲ್ಡ್ ಲೆಬ್ಲಾಂಕ್ ಪ್ರಯೋಗಾಲಯ 2002ರಲ್ಲಿ ತೋರಿಸಿತು. ಸೊಳ್ಳೆ ಮರಿಗಳನ್ನು ಕೊಲ್ಲಲು ನೀರಿಗೆ ಹಾಕುವ ಪೈರಿಪ್ರಾಕ್ಸಿಫೆನ್ ಜುವೆನೈಲ್ ಹಾರ್ಮೋನಿನ ಅನುಕರಣೆ. ಡ್ಯಾಫ್ನಿಯಾ ಅನುಕೂಲದ ದಿನಗಳಲ್ಲಿ ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹೆರುತ್ತದೆ, ಕಷ್ಟ ಬಂದಾಗ ಅದರ ಮೀಥೈಲ್ ಫಾರ್ನೆಸೋಯೇಟ್ ಏರಿ ಗಂಡುಮರಿಗಳು ಹುಟ್ಟುತ್ತವೆ. ಆ ಸೊಳ್ಳೆಮದ್ದಿನ ಅತಿ ಸಣ್ಣ ಪ್ರಮಾಣ ಸಾಕು, ಕಷ್ಟವೇ ಇಲ್ಲದ ನೀರಿನಲ್ಲೂ ತಾಯಿ ಗಂಡುಮರಿಗಳನ್ನು ಹೆರತೊಡಗುತ್ತದೆ. ಕೀಟಕ್ಕೂ ಸೀಗಡಿಯ ಬಳಗಕ್ಕೂ ನಡುವಿನ ಅಂತರ ಒಂದೇ ಕಿಣ್ವದ್ದು ಎಂದೆನಲ್ಲ, ಆ ಅಂತರ ಇಲ್ಲಿ ರಕ್ಷಣೆಗೆ ಸಾಲುವುದಿಲ್ಲ. ಹೊಸ ಕೀಟನಾಶಕಕ್ಕೆ ಅನುಮತಿ ಕೊಡುವಾಗ ‘ಎಷ್ಟು ಪ್ರಾಣಿ ಸತ್ತವು’ ಎಂದಷ್ಟೇ ಎಣಿಸಿದರೆ ಈ ಹಾನಿ ಲೆಕ್ಕಕ್ಕೆ ಬರುವುದೇ ಇಲ್ಲ. ತಾಯಿ ಸತ್ತಿರುವುದಿಲ್ಲ, ಮರಿಗಳೂ ಈಜಾಡುತ್ತಿರುತ್ತವೆ. ಒಂದೊಂದು ಮರಿಯನ್ನೂ ಮಸೂರದಡಿ ಇಟ್ಟು, ಮುಂದಿನ ಮೀಸೆ ಉದ್ದವಿದೆಯೇ ಗಿಡ್ಡವಿದೆಯೇ ಎಂದು ನೋಡಿದಾಗಲೇ ಅದು ಗಂಡೋ ಹೆಣ್ಣೋ ತಿಳಿಯುವುದು.